ಕ್ಯಾಮೆರಾದ ಇರವು ಮತ್ತು ಲಭ್ಯತೆ: ಒಂದು ವಿವೇಚನೆ

ಮೊಬೈಲ್ ಆ್ಯಪ್‌ಗಳನ್ನು ರಚಿಸುವವರು ಕ್ಯಾಮೆರಾವನ್ನು ಬಳಸುವ ಮುನ್ನ ಅದು ಇದೆಯೇ ಎಂದು ಪರೀಕ್ಷಿಸಬೇಕೆಂಬುದು ಆ ವಿದ್ಯೆಯ ಆರಂಭದ ಪಾಠಗಳಲ್ಲೊಂದು. ಮೇಲ್ನೋಟಕ್ಕೆ ಇದು ಹೌದು, ಇಲ್ಲಗಳಲ್ಲಿ ಮುಗಿದುಹೋಗುವ ಪ್ರಶ್ನೆ. ಆದರೆ ‘ಇದೆ’ ಎಂಬ ಸಣ್ಣ ಕ್ರಿಯಾಪದ ಇಲ್ಲಿ ಹೊತ್ತಿರುವ ಅರ್ಥಭಾರ ಸಣ್ಣದಲ್ಲ.

2010ರಲ್ಲಿ ಬಂದ ಮೊದಲ ಐಪ್ಯಾಡ್‌ನಲ್ಲಿ ಕ್ಯಾಮೆರಾವೇ ಇರಲಿಲ್ಲ. ಅಂಥ ಸಾಧನದಲ್ಲಿ ವಿಚಾರಿಸದೆಯೇ ಕ್ಯಾಮೆರಾವನ್ನು ತೆರೆಯಹೊರಟ ಆ್ಯಪ್ ಅಲ್ಲಿಯೇ ಕುಸಿದು ನಿಲ್ಲುತ್ತದೆ. ಇದು ನಿಚ್ಚಳವಾದ ಅಭಾವ. ಇದಕ್ಕಿಂತ ಕುತೂಹಲಕರವಾದದ್ದು 2012ರ ನೆಕ್ಸಸ್ 7 ಟ್ಯಾಬ್ಲೆಟ್ಟಿನ ಪ್ರಸಂಗ. ಅದರಲ್ಲಿದ್ದುದು ಬಳಕೆದಾರನ ಮುಖಕ್ಕೆ ಎದುರಾದ ಒಂದೇ ಕ್ಯಾಮೆರಾ. ಆಂಡ್ರಾಯ್ಡ್ ವ್ಯವಸ್ಥೆಯ ಪರಿಭಾಷೆಯಲ್ಲಿಯಾದರೋ ‘ಫೀಚರ್ ಕ್ಯಾಮೆರಾ’ ಎಂದರೆ ಹಿಂಬದಿಯ ಕ್ಯಾಮೆರಾ ಎಂದೇ ಅರ್ಥ. ಹೀಗಾಗಿ ಕಣ್ಣೆದುರಿಗೆ ಕ್ಯಾಮೆರಾ ಇದ್ದೂ ವ್ಯವಸ್ಥೆಯ ಉತ್ತರ ‘ಇಲ್ಲ’ ಎಂದಾಯಿತು. ಅದೇ ವರ್ಷದ ಆಂಡ್ರಾಯ್ಡ್ 4.2ರಲ್ಲಿ ‘ಫೀಚರ್ ಕ್ಯಾಮೆರಾ ಎನಿ’ ಎಂಬ, ಯಾವುದಾದರೂ ಒಂದು ಕ್ಯಾಮೆರಾ ಇದ್ದರೆ ಸಾಕೆನ್ನುವ ಮತ್ತೊಂದು ಸಂಜ್ಞೆ ಸೇರಿಕೊಂಡಿತು. ಪದದ ಅರ್ಥವ್ಯಾಪ್ತಿ ಕಿರಿದಾದರೆ ವಸ್ತುವೇ ಇಲ್ಲವಾಗುವುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ಭಾಷಾವಿಜ್ಞಾನದ ತರಗತಿಗಳಲ್ಲಿಯೂ ಸುಲಭವಾಗಿ ದೊರೆಯಲಾರದು.

ವಸ್ತು ಇದ್ದ ಮಾತ್ರಕ್ಕೆ ಅದು ದೊರೆಯುತ್ತದೆಂದೂ ಇಲ್ಲ. 2015ರ ಆಂಡ್ರಾಯ್ಡ್ 6.0ರಿಂದ ಬಳಕೆಯ ವೇಳೆಯಲ್ಲಿಯೇ ಅನುಮತಿಯನ್ನು ಕೇಳಬೇಕಾಯಿತು. 2020ರ ಆಂಡ್ರಾಯ್ಡ್ 11ರಿಂದ ಎರಡು ಸಲ ನಿರಾಕರಿಸಿದರೆ ಆ ಕೋರಿಕೆ ಮತ್ತೆ ತೆರೆಯ ಮೇಲೆ ಬಾರದು. ಐಫೋನಿನಲ್ಲಿ ಕ್ಯಾಮೆರಾ ಇದೆಯೇ ಎಂಬ ಪರೀಕ್ಷೆ ‘ಹೌದು’ ಎಂದರೂ ಅನುಮತಿಯನ್ನು ಬೇರೆಯಾಗಿಯೇ ವಿಚಾರಿಸಬೇಕು. ಇನ್ನು 2021ರ ಆಂಡ್ರಾಯ್ಡ್ 12ರಲ್ಲಿ ಬಂದ ಗುಂಡಿಯಿಂದ ಇಡೀ ಸಾಧನದ ಕ್ಯಾಮೆರಾವನ್ನು ಮುಚ್ಚಿದಾಗ, ಅನುಮತಿ ಪಡೆದ ಆ್ಯಪ್‌ಗೂ ಸಿಗುವುದು ಬರಿಯ ಖಾಲಿ ದೃಶ್ಯ. ಮತ್ತೊಂದು ಆ್ಯಪ್ ಕ್ಯಾಮೆರಾವನ್ನು ಹಿಡಿದಿಟ್ಟುಕೊಂಡಿರುವ ಸಂದರ್ಭವೂ ಉಂಟು.

ಇಷ್ಟೆಲ್ಲ ಭಿನ್ನ ಸ್ಥಿತಿಗಳಿಗೂ ‘ಕ್ಯಾಮೆರಾ ಲಭ್ಯವಿಲ್ಲ’ ಎಂಬ ಒಂದೇ ಸಂದೇಶವನ್ನು ತೋರಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಊರಾಚೆಯ ವೀರಗಲ್ಲೊಂದರ ಚಿತ್ರ ತೆಗೆಯಲು ನಿಂತ ಶಾಸನಶಾಸ್ತ್ರದ ವಿದ್ಯಾರ್ಥಿಗೆ ಈ ವಾಕ್ಯ ಕಂಡಿತೆನ್ನೋಣ. ಫೋನು ಕೆಟ್ಟಿತೆಂದು ಆತ ಹಿಂದಿರುಗಬಹುದು. ಸೆಟ್ಟಿಂಗ್ಸ್‌ಗೆ ಹೋಗಿ ಅನುಮತಿ ನೀಡಿದ್ದರೆ ಕೆಲಸ ಅರೆನಿಮಿಷದಲ್ಲಿ ಆಗುತ್ತಿತ್ತು. ಕನ್ನಡಕ್ಕೆ ನಿಷೇಧರೂಪಗಳ ಬಡತನವೇನೂ ಇಲ್ಲ: ವಸ್ತುವಿನ ಅಭಾವಕ್ಕೆ ‘ಇಲ್ಲ’, ಅನುಮತಿಯ ಅಭಾವಕ್ಕೆ ‘ಕೂಡದು’, ತಾತ್ಕಾಲಿಕ ಅಡಚಣೆಗೆ ‘ಈಗ ಆಗದು’. ‘ಈ ಫೋನಿನಲ್ಲಿ ಕ್ಯಾಮೆರಾ ಇಲ್ಲ’, ‘ಕ್ಯಾಮೆರಾ ಬಳಸಲು ನೀವು ಅನುಮತಿ ಕೊಟ್ಟಿಲ್ಲ’, ‘ಮತ್ತೊಂದು ಆ್ಯಪ್ ಕ್ಯಾಮೆರಾವನ್ನು ಬಳಸುತ್ತಿದೆ’ ಎಂದು ಬೇರೆಬೇರೆಯಾಗಿ ಬರೆಯಲು ಬೇಕಾಗುವುದು ಮೂರು ಸಾಲು. ಮೊದಲನೆಯ ಸಂದರ್ಭದಲ್ಲಿ, ಮೊದಲೇ ತೆಗೆದಿಟ್ಟ ಚಿತ್ರವನ್ನು ಆರಿಸಿಕೊಳ್ಳುವ ದಾರಿಯನ್ನೂ ಅದರ ಕೆಳಗೆ ತೆರೆದಿಡಬಹುದು.