ಹಾಲಿನ ಲೆಕ್ಕದ ಜೊತೆಗೆ ಖಾಲಿ ದಿನಗಳ ಲೆಕ್ಕವನ್ನೂ ಬರೆಯಿರಿ

ಡೇರಿಗೆ ಹಾಲು ಹಾಕುವ ಮನೆಯಲ್ಲಿ ಲೆಕ್ಕಕ್ಕೇನೂ ಕೊರತೆಯಿಲ್ಲ. ಎರಡು ಹೊತ್ತಿನ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಎಲ್ಲವೂ ಚೀಟಿಯಲ್ಲಿ ಬರುತ್ತವೆ. ಬಟವಾಡೆಯ ದಿನ ಹಿಂಡಿ, ಬೂಸಾದ ಬಾಕಿ ಕಳೆದು ಕೈಗೆ ಬಂದದ್ದೆಷ್ಟು ಎಂಬುದೂ ಗೊತ್ತಾಗುತ್ತದೆ. ಆದರೆ ಹಸು ಕರು ಹಾಕಿ ಎಷ್ಟು ದಿನವಾಯಿತು, ಆಮೇಲೆ ಎಷ್ಟು ಸಲ ಬೆದೆಗೆ ಬಂತು, ಗಬ್ಬ ನಿಲ್ಲದೆ ಎಷ್ಟು ದಿನ ಕಳೆಯಿತು ಎನ್ನುವುದು ಯಾವ ಚೀಟಿಯಲ್ಲೂ ಇರುವುದಿಲ್ಲ. ಹೈನುಗಾರಿಕೆ ಕೈ ಕಚ್ಚುವುದು ಬಹಳ ಸಲ ಇಲ್ಲೇ. ಹಾಲಿನ ದರವೂ ಹಿಂಡಿಯ ಬೆಲೆಯೂ ರೈತರ ಕೈಯಲ್ಲಿಲ್ಲ. ಹಸು ಖಾಲಿ ಉಳಿಯುವ ದಿನಗಳು ಮಾತ್ರ ಬಹುಮಟ್ಟಿಗೆ ಅವರ ಕೈಯಲ್ಲಿವೆ. ಅದರಲ್ಲೂ ದಿನವಿಡೀ ಕೊಟ್ಟಿಗೆ ನೋಡಿಕೊಳ್ಳುವ ಹೆಣ್ಣುಮಕ್ಕಳ ಕೈಯಲ್ಲಿವೆ.

ಲೆಕ್ಕ ಸರಳವಾಗಿದೆ. ಹಸುವಿನ ಗಬ್ಬದ ಅವಧಿ ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕೆಂದರೆ ಕರು ಹಾಕಿದ 85 ದಿನದೊಳಗೆ ಮತ್ತೆ ಗಬ್ಬ ನಿಲ್ಲಬೇಕು. ಗರ್ಭಕೋಶ ಮೊದಲಿನ ಸ್ಥಿತಿಗೆ ಮರಳಲು 40ರಿಂದ 45 ದಿನ ಬೇಕು, ಆದ್ದರಿಂದ 60 ದಿನ ಕಾಯುವುದು ಒಳ್ಳೆಯದು. ಉಳಿದ 25 ದಿನದಲ್ಲಿ ಸಿಗುವುದು ಒಂದೇ ಬೆದೆ. ಹಾಗಾಗಿ 13 ತಿಂಗಳಿಗೊಂದು ಕರು ಎಂಬ ಗುರಿ ಹೆಚ್ಚು ವಾಸ್ತವ. ಆಗ 115ನೇ ದಿನದವರೆಗೆ ಎರಡು, ಅದೃಷ್ಟವಿದ್ದರೆ ಮೂರು ಬೆದೆ ಸಿಗುತ್ತವೆ. ಒಂದು ಬೆದೆ ತಪ್ಪಿದರೆ 21 ದಿನ ಹೋಯಿತು. ಹಾಲು ಬತ್ತಿದ ಹಸುವಿನ ಮೇವು, ಆರೈಕೆಗೆ ದಿನಕ್ಕೆ 150 ರೂಪಾಯಿ ಎಂದು ಇಟ್ಟುಕೊಂಡರೂ 21 ದಿನಕ್ಕೆ 3,150 ರೂಪಾಯಿ. ಮೂರು ಬೆದೆ ಕೈತಪ್ಪಿದರೆ 9,450 ರೂಪಾಯಿ. ಇಷ್ಟು ಹಣ ಒಮ್ಮೆಲೇ ಜೇಬಿನಿಂದ ಹೋಗುವುದಿಲ್ಲ, ದಿನದಿನವೂ ಸೋರಿ ಹೋಗುತ್ತದೆ. ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ.

‘ಹಸು ಹಾಲು ಕೊಡುತ್ತಲೇ ಇದೆಯಲ್ಲ, ಗಬ್ಬಕ್ಕೇನು ಅವಸರ?’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯಲ್ಲಿ ಹುರುಳಿದೆ. ದಿನಕ್ಕೆ 25, 30 ಲೀಟರ್ ಕೊಟ್ಟು ತಿಂಗಳುಗಟ್ಟಲೆ ಹಾಲು ಇಳಿಯದ ಹಸುಗಳಿಗೆ ಸ್ವಲ್ಪ ತಡವಾಗಿ ಗಬ್ಬ ಕಟ್ಟಿಸಿದರೂ ನಷ್ಟವಿಲ್ಲ ಎಂದು ಯುರೋಪಿನ ಸಂಶೋಧನೆಗಳು ಹೇಳುತ್ತವೆ. ನಮ್ಮ ಕೊಟ್ಟಿಗೆಗಳಲ್ಲಿರುವ ಹತ್ತು, ಹನ್ನೆರಡು ಲೀಟರಿನ ಮಿಶ್ರತಳಿ ಹಸುವಿಗೆ ಆ ಮಾತು ಅನ್ವಯಿಸುವುದಿಲ್ಲ. ಕರು ಹಾಕಿದ ಎರಡು ತಿಂಗಳೊಳಗೆ ಅದರ ಹಾಲು ಏರುವಷ್ಟು ಏರಿ, ಆಮೇಲೆ ತಿಂಗಳು ತಿಂಗಳೂ ಇಳಿಯುತ್ತದೆ. ಕೊನೆಯ ತಿಂಗಳುಗಳಲ್ಲಿ ಅದು ಕೊಡುವ ಮೂರು ಲೀಟರ್ ಹಾಲು ತಿಂದ ಹಿಂಡಿಯ ದುಡ್ಡನ್ನೂ ಹುಟ್ಟಿಸುವುದಿಲ್ಲ.

ಮೊದಲು ಮಾಡಬೇಕಾದ ಕೆಲಸ ಒಂದು ನೋಟ್‌ಬುಕ್ ಇಡುವುದು. ಹಸುವಿಗೊಂದು ಪುಟ. ಕರು ಹಾಕಿದ ದಿನ, ಕಂಡ ಪ್ರತಿ ಬೆದೆಯ ದಿನ ಮತ್ತು ಹೊತ್ತು, ಗರ್ಭಧಾರಣೆ ಮಾಡಿಸಿದ ದಿನ, ವೀರ್ಯದ ಕಡ್ಡಿಯ ಮೇಲಿನ ಹೋರಿಯ ಸಂಖ್ಯೆ, ಗಬ್ಬ ಪರೀಕ್ಷೆಯ ಫಲ ಇವಿಷ್ಟು ಸಾಕು. ಹೋರಿಯ ಸಂಖ್ಯೆ ಏಕೆಂದರೆ, ಅದೇ ಹೋರಿಯ ಮಗಳಿಗೆ ಮುಂದೊಂದು ದಿನ ಅದರದೇ ವೀರ್ಯ ಹಾಕಿಸುವ ತಪ್ಪು ಆಗದಿರಲಿ ಎಂದು. ಜೂನ್ 1ರಂದು ಕರು ಹಾಕಿದ ಹಸುವಿನ ಪುಟದಲ್ಲಿ ಜುಲೈ 31 ಮತ್ತು ಸೆಪ್ಟೆಂಬರ್ 24 ಎಂಬ ಎರಡು ದಿನಾಂಕಗಳನ್ನು ಆಗಲೇ ಬರೆದಿಡಿ. ಮೊದಲನೆಯದು ಗರ್ಭಧಾರಣೆಗೆ ಬಾಗಿಲು ತೆರೆಯುವ ದಿನ, ಎರಡನೆಯದು ಗಬ್ಬ ನಿಂತಿರಲೇಬೇಕಾದ ಗಡುವು. ‘ಇರುವುದೇ ಎರಡು ಹಸು, ನೆನಪಿರುತ್ತದೆ’ ಎನ್ನುವ ಮಾತನ್ನು ಒಪ್ಪಲಾಗದು. ನೆನಪಿನಲ್ಲಿ ಉಳಿಯುವುದು ‘ಹಬ್ಬದ ಆಸುಪಾಸು’ ಎಂಬಷ್ಟೇ ಮಾಹಿತಿ. ಹಸುವಿನ ಚಕ್ರ ನಡೆಯುವುದು ದಿನದ ಲೆಕ್ಕದಲ್ಲಿ.

ಎರಡನೆಯದು ಬೆದೆ ನೋಡುವುದು. ಇಡೀ ವಿಷಯದಲ್ಲಿ ಹೆಚ್ಚು ಗಮನ ಬೇಡುವ ಕೆಲಸವೇ ಇದು. ಬೆದೆ ಇರುವುದು 12ರಿಂದ 18 ಗಂಟೆ ಮಾತ್ರ, ಅದರಲ್ಲೂ ಬಹಳಷ್ಟು ಚಿಹ್ನೆಗಳು ಸಂಜೆಯಿಂದ ಬೆಳಗಿನ ಜಾವದ ನಡುವೆ, ನಾವು ಮಲಗಿರುವಾಗ ಕಾಣಿಸಿಕೊಳ್ಳುತ್ತವೆ. ಬೇರೆ ಹಸು ಮೈಮೇಲೆ ಹಾರಿದಾಗ ಅಲುಗದೆ ನಿಲ್ಲುವುದೇ ಖಚಿತ ಲಕ್ಷಣ. ಗೂಟಕ್ಕೆ ಕಟ್ಟಿದ ಹಸುವಿನಲ್ಲಿ ಅದನ್ನು ನೋಡುವುದಾದರೂ ಹೇಗೆ? ಹಾಗಾಗಿ ಬೆಳಿಗ್ಗೆ, ಸಂಜೆ ಅರ್ಧ ಗಂಟೆಯಾದರೂ ಅಂಗಳದ ಮಣ್ಣಿನ ನೆಲದಲ್ಲಿ ಬಿಡಬೇಕು. ಜಾರುವ ಸಿಮೆಂಟ್ ನೆಲದ ಮೇಲೆ ಹಸು ಹಾರಲು ಅಂಜುತ್ತದೆ. ಬಿಡಲು ಜಾಗವೇ ಇಲ್ಲದವರು ರಾತ್ರಿ ಮಲಗುವ ಮುನ್ನ ಮತ್ತು ಹಾಲು ಕರೆಯುವ ಮೊದಲು ಟಾರ್ಚ್ ಹಿಡಿದು ಹಸುವಿನ ಹಿಂಭಾಗ, ಬಾಲ, ಮಲಗಿದ್ದ ನೆಲ ನೋಡಬೇಕು. ಮೊಟ್ಟೆಯ ಬಿಳಿಯಂಥ, ಎಳೆದರೆ ದಾರದಂತೆ ಉದ್ದಕ್ಕೆ ಬರುವ ಲೋಳೆ ಸೋರಿದ್ದರೆ, ಯೋನಿ ಊದಿದ್ದರೆ, ಹಸು ಮೇವು ಬಿಟ್ಟು ಕೂಗುತ್ತಿದ್ದರೆ, ಪದೇ ಪದೇ ಗಂಜಲ ಹೊಯ್ಯುತ್ತಿದ್ದರೆ, ಹಾಲು ದಿಢೀರನೆ ಕಡಿಮೆಯಾದರೆ ಅನುಮಾನ ಬೇಡ. ಲೋಳೆಯಲ್ಲಿ ಕೀವಿನ ಬಿಳಿ ಎಳೆಗಳಿದ್ದರೆ ಗರ್ಭಕೋಶಕ್ಕೆ ಸೋಂಕು ತಗುಲಿದೆ. ಆ ಸಲ ಗರ್ಭಧಾರಣೆ ಬಿಟ್ಟು ಚಿಕಿತ್ಸೆ ಕೊಡಿಸಬೇಕು. ಇನ್ನೊಂದು ಸೂಚನೆಯನ್ನು ಬಹಳ ಮಂದಿ ತಪ್ಪಾಗಿ ಓದುತ್ತಾರೆ. ಬಾಲಕ್ಕೆ ರಕ್ತ ಬೆರೆತ ಲೋಳೆ ಅಂಟಿದ್ದರೆ ಬೆದೆ ಬಂದಿದೆ ಎಂದಲ್ಲ, ಒಂದೆರಡು ದಿನದ ಹಿಂದೆಯೇ ಮುಗಿದಿದೆ ಎಂದರ್ಥ. ಆಗ ಗರ್ಭಧಾರಣೆ ಮಾಡಿಸಿ ಉಪಯೋಗವಿಲ್ಲ. ದಿನಾಂಕ ಬರೆದುಕೊಂಡು, 17ನೇ ದಿನದಿಂದ ಮುಂದಿನ ಬೆದೆಗೆ ಕಾಯಿರಿ.

ಬೆದೆ ಕಂಡ ಮೇಲೆ ಹೊತ್ತಿನ ಪ್ರಶ್ನೆ. ಬೆಳಿಗ್ಗೆ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಎಂಬ ನಿಯಮ ಅಮೆರಿಕದ ನೆಬ್ರಾಸ್ಕದಲ್ಲಿ 1940ರ ದಶಕದಲ್ಲಿ ನಡೆದ ಪ್ರಯೋಗಗಳಿಂದ ಬಂದದ್ದು, ಇಂದಿಗೂ ಕೆಲಸಕ್ಕೆ ಬರುತ್ತದೆ. ಬೆದೆ ಮುಗಿದ ಹತ್ತು ಹನ್ನೆರಡು ಗಂಟೆಗಳ ನಂತರ ಅಂಡ ಬಿಡುಗಡೆಯಾಗುತ್ತದೆ, ಅದು ಬದುಕುವುದು ಕೆಲವೇ ಗಂಟೆ. ಅಷ್ಟರಲ್ಲಿ ವೀರ್ಯಾಣು ಅಲ್ಲಿಗೆ ತಲುಪಿ ಕಾದಿರಬೇಕು. ಗಬ್ಬ ನಿಲ್ಲದಿದ್ದಾಗ ಊರಿನಲ್ಲಿ ಮೊದಲು ಬೈಗುಳ ತಿನ್ನುವುದು ‘ಇಂಜೆಕ್ಷನ್’ ಹಾಕಿದವರು. ಕೆಲವೊಮ್ಮೆ ಅದು ಸರಿಯೇ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಟ್ಟ ಕಡ್ಡಿಯನ್ನು 37 ಡಿಗ್ರಿ ಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಕರಗಿಸಬೇಕು. ಅಂಗೈಯಲ್ಲಿ ಉಜ್ಜುವವರನ್ನು ಕಂಡರೆ ತಡೆದು ನೀವೇ ಬಿಸಿನೀರು ತಂದುಕೊಡಿ. ಆದರೆ ತಪ್ಪು ಹೊತ್ತಿಗೆ ಕರೆಸಿಕೊಂಡರೆ ಎಂಥ ನಿಪುಣರೂ ಏನೂ ಮಾಡಲಾರರು.

ಗರ್ಭಧಾರಣೆ ಮಾಡಿಸಿದ 18ರಿಂದ 24ನೇ ದಿನದವರೆಗೆ ಮತ್ತೆ ಕಣ್ಣಿಡಿ. ಬೆದೆ ಕಾಣಲಿಲ್ಲ ಎಂದಾಕ್ಷಣ ಗಬ್ಬ ನಿಂತಿದೆ ಎಂದು ನಂಬಿ ಕೂರಬೇಡಿ. ಈ ನಂಬಿಕೆಯಿಂದಲೇ ಐದಾರು ತಿಂಗಳು ಕಳೆದು, ಹೊಟ್ಟೆ ಬರಲಿಲ್ಲವಲ್ಲ ಎಂದು ಕಂಗಾಲಾಗುವ ಸ್ಥಿತಿ ಬರುವುದು. ಎರಡು ತಿಂಗಳಿಗೆ ಪಶು ವೈದ್ಯರಿಂದ ಕೈ ಪರೀಕ್ಷೆ ಮಾಡಿಸಿದರೆ ಸಂಗತಿ ತಿಳಿಯುತ್ತದೆ. ಸ್ಕ್ಯಾನಿಂಗ್ ಸೌಲಭ್ಯವಿದ್ದರೆ ತಿಂಗಳಿಗೇ ತಿಳಿಯಬಹುದು.

ಇಷ್ಟೆಲ್ಲ ನೋಡಿದರೂ ಬೆದೆಯೇ ಕಾಣದಿದ್ದರೆ ಕಾರಣ ಬಹಳ ಸಲ ಹೊಟ್ಟೆಯಲ್ಲಿರುತ್ತದೆ. ಕರು ಹಾಕಿದ ಹೊಸತರಲ್ಲಿ ಹಾಲಿಗೆ ಬೇಕಾದಷ್ಟು ಶಕ್ತಿ ಮೇವಿನಿಂದ ಸಿಗದೆ ಹಸು ಮೈಯ ಕೊಬ್ಬು ಕರಗಿಸಿಕೊಳ್ಳುತ್ತದೆ. ಮೈ ಹೆಚ್ಚು ಇಳಿದಷ್ಟೂ ಅಂಡಾಶಯ ಚುರುಕಾಗುವುದು ತಡವಾಗುತ್ತದೆ. ಹಾಗಾಗಿ ಆರೈಕೆ ಆರಂಭವಾಗಬೇಕಾದದ್ದು ಕರು ಹಾಕುವ 60 ದಿನ ಮೊದಲು, ಹಾಲು ಬತ್ತಿಸಿದಾಗ. ‘ಹಾಲು ಕೊಡದ ಹಸುವಿಗೆ ಹಿಂಡಿ ಯಾಕೆ’ ಎಂಬ ಉಳಿತಾಯ ಮುಂದಿನ ಸೂಲಿನಲ್ಲಿ ದುಬಾರಿಯಾಗುತ್ತದೆ. ಬರೀ ಒಣಹುಲ್ಲು ತಿನ್ನುವ ಹಸುವಿಗೆ ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ ಬೇಕೇ ಬೇಕು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಆಯಾ ಪ್ರದೇಶದ ಮೇವಿನ ಕೊರತೆ ನೋಡಿ ಖನಿಜ ಮಿಶ್ರಣದ ಸೂತ್ರಗಳನ್ನು ರೂಪಿಸಿದೆ. ಕರು ಹಾಕಿ 12 ಗಂಟೆಯಾದರೂ ಮಾಸು ಬೀಳದಿದ್ದರೆ ಕಲ್ಲು ಕಟ್ಟಿ ಜಗ್ಗಬೇಡಿ, ವೈದ್ಯರನ್ನು ಕರೆಸಿ. ಜಗ್ಗಿದ ಗರ್ಭಕೋಶಕ್ಕೆ ಗಾಯವಾಗಿ ಸೋಂಕು ತಗುಲಿದರೆ ಮುಂದಿನ ಗಬ್ಬಕ್ಕೆ ಕುತ್ತು. ಕೆಚ್ಚಲು ಬಾವು ಬಂದ ಹಸುವಿನಲ್ಲಿಯೂ ಗಬ್ಬ ನಿಲ್ಲುವುದು ಕಷ್ಟ. ಕಣ್ಣಿಗೆ ಕಾಣದ ಬಾವನ್ನು ತೋರಿಸಿಕೊಡುವ ಕ್ಯಾಲಿಫೋರ್ನಿಯಾ ಪರೀಕ್ಷೆ 1957ರಿಂದಲೂ ಇದೆ, ಖರ್ಚೂ ಅಲ್ಪ.

ಹಾರ್ಮೋನ್ ಇಂಜೆಕ್ಷನ್ ಕೊಡಿಸಿದರೆ ಈ ತಾಪತ್ರಯವೇ ಇಲ್ಲ ಎಂದು ಈಗ ಹೇಳುವವರು ಹೆಚ್ಚು. 1995ರಲ್ಲಿ ವಿಸ್ಕಾನ್ಸಿನ್‌ನ ಸಂಶೋಧಕರು ಪ್ರಕಟಿಸಿದ ‘ಓವ್‌ಸಿಂಕ್’ ವಿಧಾನದಲ್ಲಿ ಮೂರು ಚುಚ್ಚುಮದ್ದು ಕೊಟ್ಟು, ಬೆದೆ ನೋಡದೆಯೇ ಹತ್ತನೇ ದಿನ ಗರ್ಭಧಾರಣೆ ಮಾಡಬಹುದು. ಅದು ಒಳ್ಳೆಯ ಸಾಧನ, ಮೂಕ ಬೆದೆಯ ಹಸುಗಳಿಗೆ ಉಪಕಾರಿ. ಆದರೆ ಅದು ಬೆದೆ ನೋಡುವ ಕೆಲಸವನ್ನಷ್ಟೇ ಉಳಿಸುತ್ತದೆ. ಬಡಕಲು ಮೈಯನ್ನಾಗಲಿ, ಸೋಂಕು ತಗುಲಿದ ಗರ್ಭಕೋಶವನ್ನಾಗಲಿ ಸರಿಪಡಿಸುವುದಿಲ್ಲ. ಮೂರು ಸಲ ಗರ್ಭಧಾರಣೆ ಮಾಡಿಸಿದರೂ ನಿಲ್ಲದ ಹಸುವಿಗೆ ನಾಲ್ಕನೇ ಕಡ್ಡಿ ಹಾಕಿಸುವ ಮೊದಲು ಪೂರ್ತಿ ತಪಾಸಣೆ ಮಾಡಿಸಿ.

ಇಂದೇ ನಿಮ್ಮ ಪ್ರತಿ ಹಸು ಕರು ಹಾಕಿದ ದಿನಾಂಕ ಬರೆಯಿರಿ. ಮೂರು ತಿಂಗಳು ಕಳೆದೂ ಬೆದೆಗೆ ಬಾರದ ಹಸು, ಗರ್ಭಧಾರಣೆಯಾಗಿ ಎರಡು ತಿಂಗಳಾದರೂ ಪರೀಕ್ಷೆಯಾಗದ ಹಸು ಯಾವುದಿದ್ದರೂ ಈ ವಾರವೇ ಪಶು ವೈದ್ಯರಿಗೆ ತೋರಿಸಿ. ಆಸ್ಪತ್ರೆ ದೂರವಿದ್ದರೆ 1962ಕ್ಕೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ಘಟಕದ ನೆರವು ಕೇಳಬಹುದು.