ಹಳೆಯ ಗಣಕಯಂತ್ರಗಳ ಜೋಡಣೆ



ಹೊಸ ಗಣಕಯಂತ್ರವು ಬಂದೊಡನೆ ಹಳೆಯದು ಮೂಲೆಯನ್ನು ಸೇರುವುದೂ, ಅಲ್ಲಿಂದ ಗುಜರಿಯವನ ತಕ್ಕಡಿಯನ್ನು ಏರುವುದೂ ವಾಡಿಕೆ. ನಮ್ಮ ಕಚೇರಿಯ ಹಳೆಯ ಯಂತ್ರಕ್ಕೂ ಇದೇ ಗತಿ ಬರುವುದರಲ್ಲಿತ್ತು. ತೂಕಕ್ಕೆ ಇಡುವ ಮೊದಲು ಒಮ್ಮೆ ತೆರೆದು ನೋಡಿದೆವು. ಈ ಪತ್ರಿಕೆಯ ಹಿಂದಿನ ಸಂಚಿಕೆಗಳ ಬರಹವೂ, ಊರಿನ ಹಿರಿಯರಿಂದ ಕೇಳಿ ಮಕ್ಕಳು ಬರೆದುಕೊಂಡಿದ್ದ ಹಾಡುಗಳೂ ಅದರೊಳಗಿದ್ದುವು. ಹಾಡಿದವರಲ್ಲಿ ಹಲವರು ಈಗಿಲ್ಲ. ಗಡಿಯಾಚೆ ಕನ್ನಡವನ್ನು ಉಳಿಸಿಕೊಂಡಿರುವ ನಮಗೆ ಇಂತಹ ಬರಹವು ಇನ್ನೊಂದೆಡೆ ದೊರೆಯತಕ್ಕುದಲ್ಲ. ಆದುದರಿಂದ ಹಳೆಯ ಯಂತ್ರವನ್ನು ಹೊಸದರೊಡನೆ ಜೋಡಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

1. ತಂತಿ: ಈಥರ್‌ನೆಟ್ ಎಂಬ ಜೋಡಣೆಯ ವಿಧಾನವು 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್, ಡೇವಿಡ್ ಬಾಗ್ಸ್ ಮೊದಲಾದವರಿಂದ ರೂಪುಗೊಂಡಿತು. ಈಗಿನ ಸಾಮಾನ್ಯ ಈಥರ್‌ನೆಟ್ ಕೇಬಲಿನಲ್ಲಿ ಎಂಟು ತಂತಿಗಳು ನಾಲ್ಕು ಜೋಡಿಗಳಾಗಿ ಹೆಣೆದುಕೊಂಡಿರುತ್ತವೆ. ಹಗ್ಗದಂತೆ ಹೊಸೆದಿರುವುದರಿಂದ ಹೊರಗಿನ ವಿದ್ಯುತ್ ಅಡಚಣೆಯು ಬಹುಮಟ್ಟಿಗೆ ತಗ್ಗುತ್ತದೆ. ಇಂತಹ ಕೇಬಲು 100 ಮೀಟರಿನವರೆಗೆ ಸಂದೇಶವನ್ನು ಒಯ್ಯಬಲ್ಲುದು. ಎರಡೂ ಯಂತ್ರಗಳ ಕೇಬಲುಗಳನ್ನು ‘ನೆಟ್‌ವರ್ಕ್ ಸ್ವಿಚ್’ ಎಂಬ ಸಣ್ಣ ಪೆಟ್ಟಿಗೆಗೆ ಸಿಕ್ಕಿಸಬೇಕು. ಹಳೆಯದರ ವೇಗವು ಸೆಕೆಂಡಿಗೆ 100 ಮೆಗಾಬಿಟ್, ಹೊಸದರದು 1000 ಇದ್ದರೂ ಚಿಂತೆಯಿಲ್ಲ. ಪ್ರತಿಯೊಂದಕ್ಕೂ ಒಪ್ಪುವ ವೇಗವನ್ನು ಸ್ವಿಚ್ಚು ತಾನೇ ಹೊಂದಿಸಿಕೊಳ್ಳುತ್ತದೆ.

2. ವಿಳಾಸ: ಮನೆಗೆ ಬಾಗಿಲಿನ ಸಂಖ್ಯೆಯಿದ್ದಂತೆ ಪ್ರತಿ ಯಂತ್ರಕ್ಕೂ ಒಂದು ವಿಳಾಸ ಬೇಕು. ಹಳೆಯದಕ್ಕೆ 192.168.1.10 ಎಂದೂ, ಹೊಸದಕ್ಕೆ 192.168.1.11 ಎಂದೂ, ಎರಡಕ್ಕೂ ‘ಸಬ್‌ನೆಟ್ ಮಾಸ್ಕ್’ 255.255.255.0 ಎಂದೂ ಕೊಡಿರಿ. 192.168 ಎಂದು ಮೊದಲಾಗುವ ಸಂಖ್ಯೆಗಳು ಮನೆ, ಕಚೇರಿಗಳ ಒಳಬಳಕೆಗೆಂದೇ ಮೀಸಲಾದುವು. ಎರಡು ಯಂತ್ರಗಳಿಗೆ ಒಂದೇ ಸಂಖ್ಯೆಯನ್ನು ಕೊಡಲಾಗದು.

3. ಪರೀಕ್ಷೆ: ಹೊಸ ಯಂತ್ರದ ಆಜ್ಞಾಫಲಕದಲ್ಲಿ ‘ಪಿಂಗ್’ ಎಂಬ ಪದವನ್ನೂ ಹಳೆಯದರ ವಿಳಾಸವನ್ನೂ ಬೆರಳಚ್ಚು ಮಾಡಿರಿ. ಓಗೊಟ್ಟಂತೆ ಉತ್ತರ ಬಂದರೆ ದಾರಿ ತೆರೆದಿದೆಯೆಂದು ತಿಳಿಯಬೇಕು. ಬಾರದಿದ್ದರೆ ಮೊದಲು ಕೇಬಲನ್ನು, ಬಳಿಕ ವಿಳಾಸವನ್ನು, ಕೊನೆಗೆ ‘ಫೈರ್‌ವಾಲ್’ ಎಂಬ ಕಾವಲನ್ನು ಪರೀಕ್ಷಿಸಬೇಕು.

4. ಎಚ್ಚರಿಕೆ: ವಿಂಡೋಸ್ ಎಕ್ಸ್‌ಪಿಗೆ ತಯಾರಕರ ಬೆಂಬಲವು 2014ರ ಏಪ್ರಿಲ್ 8ರಂದು ನಿಂತಿತು. ಅದು ಬಲ್ಲ ಕಡತ ಹಂಚಿಕೆಯ ವಿಧಾನವು ಎಸ್.ಎಂ.ಬಿ. ಒಂದನೆಯ ಆವೃತ್ತಿ ಮಾತ್ರ. ಈ ವಿಧಾನದಲ್ಲಿದ್ದ ದೋಷವನ್ನು ಹಿಡಿದೇ 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಪಿಡುಗು ಹಬ್ಬಿ, ಇಂಗ್ಲೆಂಡಿನ ಆಸ್ಪತ್ರೆಗಳ ಕೆಲಸವನ್ನೂ ಕೆಡಿಸಿತು. ಆದುದರಿಂದ ಹೊಸ ವಿಂಡೋಸಿನಲ್ಲಿ ಇದು ಸಾಮಾನ್ಯವಾಗಿ ಮುಚ್ಚಿರುತ್ತದೆ. ನಾವು ಮಾಡಿದ್ದಿಷ್ಟು: ಅಂತರ್ಜಾಲದ ಸಂಪರ್ಕವನ್ನು ಪೂರ್ತಿಯಾಗಿ ಕಳಚಿದೆವು, ಎರಡೇ ಯಂತ್ರಗಳನ್ನು ಸ್ವಿಚ್ಚಿನಲ್ಲಿರಿಸಿದೆವು, ಹೊಸದರಲ್ಲಿ ಆ ವಿಧಾನವನ್ನು ತೆರೆದು, ಕಡತಗಳು ಬಂದೊಡನೆ ಮುಚ್ಚಿದೆವು. ಈ ಕ್ರಮವನ್ನು ಯಾರೂ ಮೀರತಕ್ಕದ್ದಲ್ಲ. ಬಂದ ಕಡತಗಳನ್ನು ವೈರಸ್ ತಪಾಸಣೆಗೆ ಒಳಪಡಿಸಿಯೇ ತೆರೆಯಬೇಕು.

5. ಅಕ್ಷರ: ಕಡತಗಳೇನೋ ಬಂದುವು, ತೆರೆದರೆ ಕನ್ನಡದ ಬದಲು ರೋಮನ್ ಲಿಪಿಯ ಕಲಸುಮೇಲೋಗರ! ನಮ್ಮ ಎದೆ ಧಸಕ್ಕೆಂದಿತು. ಕಾರಣವಿಷ್ಟೆ: ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ರೋಮನ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಆ ಅಕ್ಷರಶೈಲಿಯನ್ನೂ ಹಳೆಯ ಯಂತ್ರದಿಂದ ತಂದೊಡನೆ ಬರಹವು ಕಣ್ದೆರೆಯಿತು. ಆಮೇಲೆ ಪರಿವರ್ತಕದಿಂದ ಎಲ್ಲವನ್ನೂ ಯೂನಿಕೋಡಿಗೆ ಬದಲಾಯಿಸಿ, ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದಿದೆವು. ಹಳೆಯ ಯಂತ್ರವು ಗುಜರಿಗೆ ಹೋಗಿದ್ದರೆ ಅಕ್ಷರಶೈಲಿಯೂ ಅದರೊಡನೆ ಹೋಗುತ್ತಿತ್ತು.

ಪೋಷಕರಲ್ಲಿ ನಮ್ಮ ವಿಜ್ಞಾಪನೆಯಿದು: ಹಳೆಯ ಯಂತ್ರವನ್ನು ಮಾರುವ ಮೊದಲು ಅದರೊಳಗೇನಿದೆಯೆಂದು ಮಕ್ಕಳೊಡನೆ ಕುಳಿತು ನೋಡಿರಿ. ಕಡತಗಳ ಎಣಿಕೆ ಎರಡೂ ಕಡೆ ಸರಿಹೊಂದಿ, ಎರಡು ಪ್ರತಿಗಳು ಬೇರೆ ಬೇರೆ ಕಡೆ ಸೇರಿದ ಬಳಿಕವಷ್ಟೇ ಅದನ್ನು ಕೈಬಿಡಿರಿ.

ಅಭ್ಯಾಸ
1. ಕೇಬಲಿನ ತಂತಿಗಳನ್ನು ಹೊಸೆಯುವುದೇಕೆ?
2. ಎರಡು ಯಂತ್ರಗಳಿಗೆ ಒಂದೇ ವಿಳಾಸವನ್ನು ಕೊಟ್ಟರೆ ಆಗುವ ತೊಡಕೇನು?
3. ನಿಮ್ಮ ಮನೆಯ ಹಳೆಯ ಯಂತ್ರದಲ್ಲಿ ಉಳಿಸತಕ್ಕ ಬರಹ, ಚಿತ್ರಗಳಾವುವು? ಪಟ್ಟಿ ಮಾಡಿರಿ.