ನಾಲ್ಕೇ ಅಕ್ಷರ, ಏಳು ಉಚ್ಚಾರ

ಟಫ್, ದೋ, ಥ್ರೂ, ಥಾಟ್, ಕಾಫ್. ಈ ಐದು ಇಂಗ್ಲಿಷ್ ಪದಗಳಲ್ಲೂ ಓ, ಯು, ಜಿ, ಎಚ್ ಎಂಬ ಅವೇ ನಾಲ್ಕು ಅಕ್ಷರಗಳು ಅದೇ ಸಾಲಿನಲ್ಲಿ ಕೂತಿವೆ. ಉಚ್ಚಾರ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ. ಬರೆದಂತೆ ಓದುವ ಕನ್ನಡದಿಂದ ಬಂದ ಮಕ್ಕಳು ಇಲ್ಲಿ ತಡವರಿಸಿದರೆ ಅದು ದಡ್ಡತನವಲ್ಲ. ಇಂಗ್ಲೆಂಡಿನ ಮಕ್ಕಳಿಗೂ ಇವು ಕಷ್ಟವೇ. ಸ್ಪೆಲಿಂಗ್ ಪಟ್ಟಿಯನ್ನು ಉರು ಹೊಡೆಯುವುದನ್ನು ಬಿಟ್ಟು, ಉಚ್ಚಾರದ ಪ್ರಕಾರ ಗುಂಪು ಮಾಡಿಕೊಂಡರೆ ಕೆಲಸ ಎಷ್ಟೋ ಹಗುರ.

ಈ ಗೊಂದಲ ಹುಟ್ಟಿದ್ದು ಹೇಗೆಂದು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಹಳೆಯ ಇಂಗ್ಲಿಷಿನಲ್ಲಿ ಗಂಟಲನ್ನು ಉಜ್ಜಿಕೊಂಡು ಬರುವ ಒಂದು ಧ್ವನಿ ಇತ್ತು. ಜರ್ಮನರು ರಾತ್ರಿಗೆ ‘ನಾಖ್ಟ್’ ಎನ್ನುವಾಗ ಅದು ಈಗಲೂ ಕೇಳುತ್ತದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಬಂದ ಬರಹಗಾರರು ಅದನ್ನು ಜಿ-ಎಚ್ ಎಂದು ಬರೆಯತೊಡಗಿದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಅಲ್ಲಿ ಮುದ್ರಣಾಲಯ ತೆರೆದ. ಅಚ್ಚಿಗೆ ಬಿದ್ದ ಕಾಗುಣಿತ ಬರಬರುತ್ತಾ ಗಟ್ಟಿಯಾಯಿತು, ನಾಲಿಗೆ ಮಾತ್ರ ಬದಲಾಗುತ್ತಲೇ ಹೋಯಿತು. ಕೆಲವು ಪದಗಳಲ್ಲಿ ಆ ಧ್ವನಿ ಪೂರ್ತಿ ಅಳಿಯಿತು, ಕೆಲವದರಲ್ಲಿ ‘ಫ್’ ಆಯಿತು. ಹಳಗನ್ನಡದ ‘ಪಾಲ್’ ಹಾಲು ಆದಾಗ ನಾವು ಬರಹವನ್ನೂ ತಿದ್ದಿಕೊಂಡೆವು. ಬಾಯಲ್ಲಿ ಹಾಲು ಎನ್ನುತ್ತಾ ಪುಸ್ತಕದಲ್ಲಿ ಪಾಲ್ ಎಂದೇ ಬರೆಯುತ್ತಿದ್ದರೆ ಹೇಗೋ, ಇಂಗ್ಲಿಷಿನದು ಹಾಗೆ.

ಈಗ ಕೆಲಸಕ್ಕೆ ಬರೋಣ. ಮೊದಲು ನೋಡಬೇಕಾದದ್ದು, ಈ ನಾಲ್ಕು ಅಕ್ಷರಗಳ ಹಿಂದೆಯೇ ಟಿ ಇದೆಯೇ ಎಂದು. ಇದ್ದರೆ ಜಿ-ಎಚ್ ಬಾಯಿ ಬಿಡುವುದಿಲ್ಲ. ಬಾಟ್ (ಕೊಂಡ), ಬ್ರಾಟ್ (ತಂದ), ಥಾಟ್ (ಯೋಚಿಸಿದ, ಯೋಚನೆ), ಫಾಟ್ (ಹೋರಾಡಿದ), ಸಾಟ್ (ಅರಸಿದ) ಎಲ್ಲವೂ ಒಂದೇ ಪ್ರಾಸ. ಕ್ರಿಕೆಟ್ಟಿನ ‘ಬಾಲ್’ ಎನ್ನುವಾಗ ಬರುವ ತುಟಿ ದುಂಡಗಿನ ಆಕಾರವೇ ಇಲ್ಲೂ ಬರಬೇಕು. ನೆನಪಿಡಬೇಕಾದ ಮುಖ್ಯ ಅಪವಾದ ಡ್ರೌಟ್, ಅಂದರೆ ಬರಗಾಲ.

ಇದೇ ಗುಂಪಿನಲ್ಲಿ ಪರೀಕ್ಷೆಯ ಅಂಕ ಕಳೆಯುವ ಎರಡು ತಪ್ಪುಗಳಿವೆ. ಬಾಟ್, ಬ್ರಾಟ್ ಅದಲುಬದಲಾಗುವುದು ಒಂದು. ಬ್ರಿಂಗ್‌ನಲ್ಲಿ ಆರ್ ಇದೆ, ಹಾಗಾಗಿ ಬ್ರಾಟ್‌ನಲ್ಲೂ ಇದೆ. ಬೈನಲ್ಲಿ ಇಲ್ಲ, ಬಾಟ್‌ನಲ್ಲೂ ಇಲ್ಲ. ಇನ್ನೊಂದು, ಕಾಟ್ (ಹಿಡಿದ) ಮತ್ತು ಟಾಟ್ (ಕಲಿಸಿದ) ಪದಗಳಿಗೂ ಓ ಹಾಕಿಬಿಡುವುದು. ಅವುಗಳ ಮೂಲವಾದ ಕ್ಯಾಚ್ ಮತ್ತು ಟೀಚ್‌ನ ಸ್ಪೆಲಿಂಗ್‌ನಲ್ಲಿ ಎ ಅಕ್ಷರವಿದೆ. ಆದ್ದರಿಂದ ಭೂತಕಾಲದಲ್ಲೂ ಎ-ಯು-ಜಿ-ಎಚ್-ಟಿ. ಬೈ, ಬ್ರಿಂಗ್, ಥಿಂಕ್, ಫೈಟ್, ಸೀಕ್ ಇವುಗಳಲ್ಲಿ ಎ ಇಲ್ಲ, ಅಲ್ಲಿ ಓ ಬರುತ್ತದೆ. ಈ ಒಂದು ಗುಟ್ಟು ಗೊತ್ತಿದ್ದರೆ ಏಳು ಕ್ರಿಯಾಪದಗಳು ಕೈವಶ.

ಎರಡನೆಯದು ‘ಫ್’ ಗುಂಪು. ದಿನಬಳಕೆಯವು ಐದೇ, ಬಾಯಿಪಾಠ ಮಾಡಿಬಿಡಿ: ರಫ್ (ಒರಟು), ಟಫ್ (ಗಟ್ಟಿ, ಕಠಿಣ), ಇನಫ್ (ಸಾಕಷ್ಟು), ಕಾಫ್ (ಕೆಮ್ಮು), ಟ್ರಾಫ್ (ದನಗಳಿಗೆ ಮೇವು, ನೀರು ಹಾಕುವ ಉದ್ದನೆಯ ತೊಟ್ಟಿ).

ಉಳಿದವು ಸ್ವರದಲ್ಲಿ ಮುಗಿಯುತ್ತವೆ. ದೋ (ಆದರೂ) ಮತ್ತು ಡೋ (ಚಪಾತಿಗೆ ಕಲಸಿಟ್ಟಂಥ ಹಿಟ್ಟು) ಒಂದು ಜೋಡಿ. ಬೌ (ಮರದ ಕೊಂಬೆ) ಮತ್ತು ಪ್ಲೌ (ನೇಗಿಲು) ಇನ್ನೊಂದು. ಥ್ರೂ (ಮೂಲಕ) ಒಂಟಿ. ಕೂಲಂಕಷ ಎಂಬರ್ಥದ ಪದವನ್ನು ಬ್ರಿಟಿಷರು ‘ಥರ’ ಎಂದೂ ಅಮೆರಿಕನ್ನರು ‘ಥರೋ’ ಎಂದೂ ಹೇಳುತ್ತಾರೆ. ಅಮೆರಿಕನ್ನರು ನೇಗಿಲನ್ನು ಪಿ-ಎಲ್-ಓ-ಡಬ್ಲ್ಯು ಎಂದು ಬರೆದು ತಲೆನೋವು ಕಳೆದುಕೊಂಡಿದ್ದಾರೆ. ನಮ್ಮ ಪಠ್ಯಪುಸ್ತಕಗಳು ಬ್ರಿಟಿಷ್ ಕ್ರಮದವು, ಅದನ್ನೇ ಪಾಲಿಸಿ.

ನೋಟಕ್ಕೆ ಅಣ್ಣತಮ್ಮಂದಿರಂತಿರುವ ಪದಗಳಿಗೆ ಒಂದು ಏಣಿ ಕಟ್ಟಿಕೊಳ್ಳಿ. ಇದು ನನಗೆ ತುಂಬ ಇಷ್ಟವಾದ ಅಭ್ಯಾಸ. ಹಾಳೆಯ ಮೇಲೆ ಟಫ್ ಬರೆಯಿರಿ: ಟಿ-ಓ-ಯು-ಜಿ-ಎಚ್. ಟಿ ಪಕ್ಕಕ್ಕೆ ಎಚ್ ಸೇರಿಸಿ, ದೋ ಆಯಿತು. ಅದರ ಕೊನೆಗೆ ಟಿ ಇಡಿ, ಥಾಟ್. ಆ ಟಿ ಅಳಿಸಿ, ಟಿ-ಎಚ್ ಆದ ಮೇಲೆ ಆರ್ ತನ್ನಿ, ಥ್ರೂ. ಆ ಆರ್‌ಗಿಂತ ಮೊದಲು ಓ ಹಾಕಿ, ಥರ. ಒಂದೊಂದು ಅಕ್ಷರ ಹಾಕಿದಾಗಲೂ ಉಚ್ಚಾರ ಮತ್ತು ಅರ್ಥವನ್ನು ಜೋರಾಗಿ ಹೇಳಬೇಕು, ಕೈ ಬರೆದು ಬಾಯಿ ಸುಮ್ಮನಿದ್ದರೆ ಪ್ರಯೋಜನವಿಲ್ಲ.

ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ. ಒಂದರಲ್ಲಿ ಸ್ಪೆಲಿಂಗ್, ಇನ್ನೊಂದರಲ್ಲಿ ಕನ್ನಡ ಲಿಪಿಯಲ್ಲಿ ಉಚ್ಚಾರ, ಮೂರನೆಯದರಲ್ಲಿ ಮನೆಯ ಸಂಗತಿ ಹೇಳುವ ಸ್ವಂತ ವಾಕ್ಯ. ಅಪ್ಪ ಸಂತೆಯಲ್ಲಿ ಹಲಸಿನಹಣ್ಣು ‘ಬಾಟ್’, ಮನೆಗೆ ‘ಬ್ರಾಟ್’ ಎಂಬಂಥದ್ದು. ಅನುಮಾನ ಬಂದರೆ ಮೊಬೈಲ್ ನಿಘಂಟಿನ ಸ್ಪೀಕರ್ ಗುರುತು ಒತ್ತಿ ಕೇಳಿ. ವಾರಕ್ಕೊಮ್ಮೆ ಮನೆಯವರು ಮಧ್ಯದ ಕಾಲಂ ಓದಲಿ, ಮಕ್ಕಳು ಸ್ಪೆಲಿಂಗ್ ಬರೆಯಲಿ. ಇಂಗ್ಲಿಷ್ ಬಾರದ ಅಜ್ಜಿಯೂ ಈ ಡಿಕ್ಟೇಷನ್ ಕೊಡಬಹುದು.

ಅಂದಹಾಗೆ, ಹಳೆಯ ಪುಸ್ತಕಗಳಲ್ಲಿ ಬಿಕ್ಕಳಿಕೆ ಎಂಬರ್ಥದ ಪದದ ಕೊನೆಯಲ್ಲೂ ಈ ನಾಲ್ಕು ಅಕ್ಷರಗಳು ಕಂಡಾವು. ಅದನ್ನು ಹಿಕಪ್ ಎಂದೇ ಓದಿ. ಬರೆಯುವಾಗ ಯು-ಪಿ ಹಾಕಿದರೆ ಸಾಕು.